ಪೇಟೆಂಟ್ ಅಡ್ಡ ಬಂತು, ಹೊಸ ಎಂಜಿನ್ ಹುಟ್ಟಿತು

ಹೈಬ್ರಿಡ್ ಕಾರುಗಳ ಬಗ್ಗೆ ಓದುವಾಗ 'ಅಟ್ಕಿನ್ಸನ್ ಸೈಕಲ್' ಅನ್ನೋ ಪದ ನೋಡಿರ್ತೀರಿ. ಇದು ಇಂಗ್ಲೆಂಡಿನ ಎಂಜಿನಿಯರ್ ಜೇಮ್ಸ್ ಅಟ್ಕಿನ್ಸನ್ 1880ರ ದಶಕದಲ್ಲಿ ಗ್ಯಾಸ್ ಎಂಜಿನ್‌ಗೆ ಅಂತ ಕಂಡುಹಿಡಿದ ಉಪಾಯ. ನಾನು ಕಾಮರ್ಸ್ ಓದಿದವನು. ಹಾಗಾಗಿ ನನಗೆ ಇದರಲ್ಲಿ ಮೊದಲು ಕಾಣೋದು ಬಿಸಿನೆಸ್ ಕಥೆ.

ಆಗ ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್ ಪೈಪಿನಲ್ಲಿ ಬರ್ತಿತ್ತು. ಸಣ್ಣ ಕಾರ್ಖಾನೆಗಳ ಎಂಜಿನ್‌ಗಳು ಅದರಲ್ಲೇ ಓಡ್ತಿದ್ದವು. 1876ರಲ್ಲಿ ಜರ್ಮನಿಯ ನಿಕೋಲಸ್ ಒಟ್ಟೊ ನಾಲ್ಕು ಸ್ಟ್ರೋಕ್ ಎಂಜಿನ್ ತಯಾರಿಸಿದರು: ಗ್ಯಾಸ್ ಎಳೆದುಕೊಳ್ಳೋದು, ಒತ್ತೋದು, ಉರಿಸೋದು, ಹೊರಹಾಕೋದು. ಬ್ರಿಟನ್‌ನಲ್ಲಿ ಅದನ್ನು ತಯಾರಿಸುವ ಹಕ್ಕು ಮ್ಯಾಂಚೆಸ್ಟರ್‌ನ ಕ್ರಾಸ್ಲಿ ಬ್ರದರ್ಸ್ ಕೈಯಲ್ಲಿತ್ತು. ಬೇರೆಯವರು ಅದೇ ಎಂಜಿನ್ ಮಾಡಿದ್ರೆ ಕೋರ್ಟು ಕೇಸು.

ಹಾಗಾಗಿ ಅಟ್ಕಿನ್ಸನ್ ಬೇರೆ ದಾರಿ ಹುಡುಕಿದರು. ಒಟ್ಟೊ ಎಂಜಿನ್‌ನಲ್ಲಿ ಒತ್ತುವಾಗ ಪಿಸ್ಟನ್ ಎಷ್ಟು ದೂರ ಹೋಗುತ್ತೋ, ಉರಿದ ಮೇಲೂ ಅಷ್ಟೇ ದೂರ ವಾಪಸ್ ಬರುತ್ತೆ. ಅಷ್ಟರಲ್ಲಿ ಬಿಸಿ ಗ್ಯಾಸಿನ ಒತ್ತಡ ಪೂರ್ತಿ ಇಳಿದಿರಲ್ಲ. ವಾಲ್ವ್ ತೆರೆದ ಕೂಡಲೇ ಉಳಿದ ಶಕ್ತಿ ಹೊಗೆಯ ಜೊತೆ ಹೊರಗೆ. ಗ್ಯಾಸಿಗೆ ಕೊಟ್ಟ ದುಡ್ಡೂ ಅದರ ಜೊತೆಗೇ! ಅಟ್ಕಿನ್ಸನ್ ಕೀಲುಗಳಿರುವ ಸರಳುಗಳನ್ನು ಜೋಡಿಸಿ, ಒತ್ತುವ ದೂರ ಚಿಕ್ಕದು, ಹಿಗ್ಗುವ ದೂರ ದೊಡ್ಡದು ಆಗೋ ಹಾಗೆ ಮಾಡಿದರು. ಒಟ್ಟೊ ಎಂಜಿನ್ ಎರಡು ಸುತ್ತಿನಲ್ಲಿ ಮಾಡ್ತಿದ್ದ ನಾಲ್ಕೂ ಕೆಲಸ ಇಲ್ಲಿ ಒಂದೇ ಸುತ್ತಿಗೆ ಮುಗೀತಿತ್ತು. 1888ರಲ್ಲಿ ಲಂಡನ್‌ನ ಸೊಸೈಟಿ ಆಫ್ ಆರ್ಟ್ಸ್ ಪರೀಕ್ಷೆ ನಡೆಸಿದಾಗ, ಕ್ರಾಸ್ಲಿ ಎಂಜಿನ್‌ಗಿಂತ ಇದಕ್ಕೇ ಕಡಿಮೆ ಗ್ಯಾಸ್ ಸಾಕಾಯ್ತು.

ಹಾಗಾದ್ರೆ ಮಾರ್ಕೆಟ್‌ನಲ್ಲಿ ಗೆಲ್ಲಬೇಕಿತ್ತು, ಅಲ್ವಾ? ಇಲ್ಲ. ಕೀಲು ಜಾಸ್ತಿ ಅಂದ್ರೆ ಸವೆತ ಜಾಸ್ತಿ, ತಯಾರಿಕೆ ಖರ್ಚೂ ಜಾಸ್ತಿ. ಜೊತೆಗೆ 1890ರಲ್ಲಿ ಬ್ರಿಟನ್‌ನಲ್ಲಿ ಒಟ್ಟೊ ಪೇಟೆಂಟ್ ಅವಧಿ ಮುಗೀತು. ಸರಳ ಎಂಜಿನ್ ಯಾರು ಬೇಕಾದ್ರೂ ಮಾಡಬಹುದು ಅಂತಾದಾಗ, ಜಟಿಲವಾದದ್ದನ್ನು ಯಾರು ಕೊಳ್ತಾರೆ? ಕೊನೆಗೆ ಅಟ್ಕಿನ್ಸನ್ ಸೇರಿದ್ದು ಅದೇ ಕ್ರಾಸ್ಲಿ ಕಂಪನಿಗೆ.

ಆದರೆ ಐಡಿಯಾ ಸಾಯಲಿಲ್ಲ. 1997ರಲ್ಲಿ ಜಪಾನ್‌ನಲ್ಲಿ ಬಂದ ಟೊಯೋಟಾ ಪ್ರಿಯಸ್ ಅದನ್ನು ಕೀಲುಗಳಿಲ್ಲದೆ ಸಾಧಿಸಿತು. ಗಾಳಿ ಒಳಬರುವ ವಾಲ್ವನ್ನು ಸ್ವಲ್ಪ ತಡವಾಗಿ ಮುಚ್ಚಿದರೆ ಒತ್ತುವ ದೂರ ತಾನಾಗೇ ಕಡಿಮೆಯಾಗುತ್ತೆ. ಇದರಿಂದ ಎಂಜಿನ್‌ನ ಎಳೆತ ಸ್ವಲ್ಪ ತಗ್ಗುತ್ತೆ, ಆ ಕೊರತೆಯನ್ನು ಎಲೆಕ್ಟ್ರಿಕ್ ಮೋಟಾರ್ ತುಂಬುತ್ತೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಇದೇ ಲೆಕ್ಕ.

ಅಂದ್ರೆ ಅಟ್ಕಿನ್ಸನ್ ಲೆಕ್ಕ ಸರಿಯಾಗೇ ಇತ್ತು. ಅದನ್ನು ಅಗ್ಗವಾಗಿ ಮಾಡೋ ದಾರಿ ಸಿಗೋಕೆ ನೂರು ವರ್ಷ ಹಿಡೀತು, ಅಷ್ಟೇ.