ಮೂರು ಮೆಟ್ಟಿಲುಗಳ ದೂರ

ಮಳೆಯ ನೀರು ಒಳನುಗ್ಗದಿರಲೆಂದು ಮನೆಯ ನೆಲವನ್ನು ಎತ್ತರಿಸಿ, ಮುಂದೆ ಜಗಲಿಯನ್ನು ಕಟ್ಟಿ, ಅಂಗಳದಿಂದ ಏರಲು ಮೂರು ಮೆಟ್ಟಿಲುಗಳನ್ನಿರಿಸುವುದು ನಮ್ಮ ಹಿರಿಯರ ವಿವೇಕಯುತ ಪದ್ಧತಿಯೇ ಸರಿ. ಆದರೆ ತಾಲ್ಲೂಕು ಕಚೇರಿ, ಅಂಚೆಮನೆ, ಬ್ಯಾಂಕು, ಗ್ರಂಥಾಲಯ ಮೊದಲಾಗಿ ಸರ್ವಜನರದೆನಿಸಿದ ಕಟ್ಟಡಗಳೂ ಅದೇ ಪದ್ಧತಿಯನ್ನು ಮರುವಿಚಾರವಿಲ್ಲದೆ ಅನುಸರಿಸಿದಾಗ, ಪೋಲಿಯೋದಿಂದ ಕಾಲಿನ ಶಕ್ತಿಯನ್ನು ಕಳೆದುಕೊಂಡವನು ಮಾಸಾಶನದ ಅರ್ಜಿಯನ್ನು ಹಿಡಿದು ಅಂಗಳದಲ್ಲಿಯೇ ಉಳಿಯಬೇಕಾಗುತ್ತದೆ. ಎತ್ತಿ ಒಯ್ಯಲು ನಾಲ್ವರು ಉದಾರಿಗಳು ದೊರೆತಾರು. ನೆರೆದವರ ಕಣ್ಣೆದುರು ಮೂಟೆಯಂತೆ ಒಯ್ಯಲ್ಪಡುವವನ ಸಂಕೋಚವನ್ನು ಆ ಔದಾರ್ಯವು ಅರಿಯದು.

2011ರ ಜನಗಣತಿಯು ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಗಿಲಾದ ಅಂಗವಿಕಲರನ್ನು ಗುರುತಿಸಿತು. ಇಷ್ಟು ಜನರಿದ್ದೂ ನಮ್ಮ ಬೀದಿಗಳಲ್ಲಿ, ಸಭೆಗಳಲ್ಲಿ ಅವರು ವಿರಳವಾಗಿ ಕಾಣುವುದೇಕೆಂದರೆ, ಹೊರಗೆ ಬರುವ ದಾರಿಯನ್ನೇ ನಾವು ಕಟ್ಟಿಲ್ಲ.

ಇಳಿಜಾರು ಇದೆಯಲ್ಲ ಎಂದು ಬೆರಳು ತೋರುವವರುಂಟು. ಗಾಲಿಕುರ್ಚಿಯಲ್ಲಿ ಕುಳಿತವನು ಸ್ವಂತ ತೋಳ್ಬಲದಿಂದ ಏರಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಅಂಗೀಕೃತವಾದ ಅಳತೆ. ಆರಂಗುಲದ ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ. ಅದಕ್ಕೆ 18 ಅಡಿಯ ಇಳಿಜಾರು ಬೇಕು. ನಾವು ಕಾಣುವುದೋ, ಆರಡಿಯೊಳಗೆ ಮುಗಿಸಿಬಿಟ್ಟ, ಹಿಡಿಗಂಬಿಯೂ ಇಲ್ಲದ ಸಿಮೆಂಟಿನ ಜಾರುಬಂಡೆ! ಅದರ ಮೇಲೆ ಕುರ್ಚಿಯು ಹಿಂದಕ್ಕೆ ಮಗುಚುವ ಭಯವುಂಟು. ವಿಶೇಷ ಶೌಚಾಲಯಕ್ಕೆ ಬೀಗ ಹಾಕಿ ಒಳಗೆ ಪೊರಕೆ, ಮುರುಕು ಕುರ್ಚಿಗಳನ್ನು ತುಂಬಿರುವುದೂ ಅಪರೂಪದ ದೃಶ್ಯವಲ್ಲ. ಹೊರಗೆ ಹೊರಟ ದಿನ ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳ ಕಷ್ಟವು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದುದು ನಾಡಿನ ಹೆಮ್ಮೆ. ಆದರೆ ಗಾನಕ್ಕೆ ತಲೆದೂಗುವ ನಾವು, ಆ ಗಾಯಕನು ಬಸ್‌ನಿಲ್ದಾಣದಲ್ಲಿ ನಿಂತಾಗ, ಬಂದ ಬಸ್ಸು ಯಾವ ಊರಿನದೆಂದು ಕೂಗಿ ಹೇಳುವ ಏರ್ಪಾಡನ್ನೂ ಎಲ್ಲೆಡೆ ಮಾಡಿಲ್ಲ. ಅಸಾಮಾನ್ಯನಾದವನಿಗೆ ಮಾತ್ರ ಸಲ್ಲುವ ಗೌರವದಿಂದ ಸಾಮಾನ್ಯನಾದ ಅಂಧನ ನಿತ್ಯಜೀವನವು ಕಿಂಚಿತ್ತೂ ಸುಗಮವಾಗದು.

ಶಾಸನದ ಕೊರತೆಯೆಂದೂ ಹೇಳುವಂತಿಲ್ಲ. ಅಂಗವಿಕಲರ ಹಕ್ಕುಗಳ ಕುರಿತ 2016ರ ಅಧಿನಿಯಮವು, ನಿಯಮಗಳು ಹೊರಟ ಐದು ವರ್ಷಗಳೊಳಗೆ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲವೂ ಸುಗಮ್ಯವಾಗಬೇಕೆಂದು ವಿಧಿಸಿತು. ನಿಯಮಗಳು 2017ರ ಜೂನ್‌ನಲ್ಲಿ ಹೊರಟವು, ಗಡುವು 2022ರಲ್ಲಿ ಕಳೆಯಿತು. ದೃಷ್ಟಿಹೀನರಾದ ರಾಜೀವ್ ರತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಅಳತೆಗಳನ್ನು ಕೇವಲ ಸಲಹೆಯ ಮಟ್ಟದಲ್ಲಿರಿಸಿದ 15ನೆಯ ನಿಯಮವು ಮೂಲ ಅಧಿನಿಯಮಕ್ಕೇ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್‌ನಲ್ಲಿ ತೀರ್ಪಿತ್ತು, ಕಡ್ಡಾಯವಾದ ಅಳತೆಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಆಜ್ಞಾಪಿಸಿತು. ಅಷ್ಟು ಹೇಳಿಸಲು ಹತ್ತೊಂಬತ್ತು ವರ್ಷಗಳು ಬೇಕಾದವು.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ: ಸಮುದಾಯ ಭವನಕ್ಕೋ ದೇವಾಲಯದ ಜೀರ್ಣೋದ್ಧಾರಕ್ಕೋ ವಂತಿಗೆ ಕೇಳಲು ಬಂದವರಿಗೆ ಹಣವನ್ನೀಯುವ ಮುನ್ನ ನಕ್ಷೆಯನ್ನು ತೋರಿಸಿರೆಂದು ಕೇಳಿ, ಅದರಲ್ಲಿ ಸರಿಯಾದ ಇಳಿಜಾರೂ ಅಗಲ ಬಾಗಿಲಿನ ಶೌಚಾಲಯವೂ ಇಲ್ಲವಾದರೆ, ತಳಪಾಯ ತೋಡುವ ಮೊದಲೇ ಸೇರಿಸುವಂತೆ ಒತ್ತಾಯಿಸಿ.