ಮನೆಯಲ್ಲಿ ಹಿರಿಯರ ಶುಶ್ರೂಷೆ

(ಬಾನುಲಿ ಭಾಷಣ)

ಶುಶ್ರೂಷೆ ಎಂಬ ಪದವನ್ನು ನಾವು ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲದಲ್ಲಿರುವುದು 'ಶ್ರು' ಎಂಬ ಸಂಸ್ಕೃತ ಧಾತು; ಕೇಳು ಎಂದು ಅದರ ಅರ್ಥ. ಶುಶ್ರೂಷೆ ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನ ಸೇವೆಗೆ ಸಲ್ಲುವ ಈ ಮಾತು ರೋಗಿಯ ಆರೈಕೆಗೂ ಸಂದದ್ದರಲ್ಲಿ ಒಂದು ಔಚಿತ್ಯವಿದೆ. ಹಾಸಿಗೆ ಹಿಡಿದ ಹಿರಿಯರು ಬಾಯಿಬಿಟ್ಟು ಹೇಳುವುದು ಅಲ್ಪ, ಹೇಳದೆ ಉಳಿಸಿಕೊಳ್ಳುವುದೇ ಹೆಚ್ಚು. ಅದನ್ನು ಕೇಳಿಸಿಕೊಳ್ಳಬಲ್ಲವರೇ ಆರೈಕೆ ಮಾಡಬಲ್ಲರು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷವಾದ ಮಹತ್ವವುಂಟು. 2009ರ ಡಿಸೆಂಬರಿನಲ್ಲಿ ಇದು ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಕೃಷ್ಣೆ, ಭೀಮೆಯರು ಹರಿಯುವ ನಾಡಾದರೂ ದುಡಿಮೆಯನ್ನರಸಿ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವವರು ಇಂದಿಗೂ ಇದ್ದಾರೆ. ಹರೆಯದವರು ಹೊರಟುಹೋದ ಮನೆಯಲ್ಲಿ ಮುತ್ಯಾನನ್ನು ನೋಡಿಕೊಳ್ಳುವವಳು ಅವನಷ್ಟೇ ಸೋತ ಅವನ ಹೆಂಡತಿ, ಇಲ್ಲವೆ ಶಾಲೆಗೆ ಹೋಗುವ ಮೊಮ್ಮಗಳು. ಇವರಿಗೆ ದಾದಿಯರ ತರಬೇತಿ ಎಲ್ಲಿಂದ ಬರಬೇಕು? ಆದರೆ ಆ ವಿದ್ಯೆಯ ಮುಖ್ಯಾಂಶಗಳನ್ನು ಯಾರೂ ಕಲಿಯಬಹುದು.

ಶಹಾಪುರದ ಬೆಟ್ಟಸಾಲು ಅಂಗಾತ ಮಲಗಿದ ಬುದ್ಧನಂತೆ ಕಾಣುವುದನ್ನು ತಾವೆಲ್ಲ ಬಲ್ಲಿರಿ. ಕಲ್ಲಿಗೆ ಆ ಭಂಗಿ ಸಲ್ಲುತ್ತದೆ, ಮನುಷ್ಯ ದೇಹಕ್ಕೆ ಸಲ್ಲದು. ಮಗ್ಗುಲು ಬದಲಿಸದೆ ಮಲಗಿದವರ ಚರ್ಮ ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತಸಂಚಾರ ತಪ್ಪಿ ಸಾಯುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಇವು ಮೊದಲು ಹುಣ್ಣಾಗುವ ಜಾಗಗಳು. 1962ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದ ಮೂಲಕ ಡೋರೀನ್ ನಾರ್ಟನ್ ಎಂಬ ಆಂಗ್ಲ ದಾದಿ ಈ ಅಪಾಯವನ್ನು ಅಳೆಯಲು ಐದು ಸಂಗತಿಗಳನ್ನು ಗೊತ್ತುಮಾಡಿದರು: ದೇಹಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಕೈಕಾಲುಗಳ ಚಲನೆ, ಮಲಮೂತ್ರಗಳ ಮೇಲಿನ ಹಿಡಿತ. ಇವು ಕುಂದಿದಷ್ಟೂ ಹುಣ್ಣು ಹತ್ತಿರವಾಗುತ್ತದೆ.

ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸುವುದು ರೂಢಿಯ ನಿಯಮ. ಪೂರ್ತಿ ಪಕ್ಕಕ್ಕೆ ಹೊರಳಿಸಬೇಕಿಲ್ಲ. ಬೆನ್ನಿಗೆ ಮಡಿಚಿದ ಕೌದಿಯ ಆನಿಕೆ ಕೊಟ್ಟು ಓರೆಯಾಗಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದು. ಎಳೆದು ಸರಿಸಬಾರದು, ಇಬ್ಬರು ಸೇರಿ ಮೈಕೆಳಗಿನ ಹೊದಿಕೆಯ ಸಮೇತ ಎತ್ತಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಆದುದರಿಂದ ಸ್ನಾನದ ಹೊತ್ತಿನಲ್ಲಿ ಕೈಯ ಹಿಂಬದಿಯಿಂದ ಮುಟ್ಟಿ, ಎಲ್ಲಾದರೂ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ನೋಡಬೇಕು. ಹಾಗಿದ್ದ ಕಡೆ ಎಣ್ಣೆ ಹಚ್ಚಿ ತಿಕ್ಕುವುದು ಪ್ರೀತಿಯ ಕೆಲಸವೆನಿಸಿದರೂ ಹಾನಿಕರ. ಆ ಭಾಗದ ಮೇಲಿನ ಭಾರ ತಪ್ಪಿಸುವುದೇ ಅದಕ್ಕೆ ಮೊದಲ ಮದ್ದು.

ಎರಡನೆಯದು ನೀರಿನ ಮಾತು. ನಮ್ಮ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ದಾಟುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಸಂಕೋಚ. ರಾತ್ರಿ ಎದ್ದರೆ ಹೊರಗೆ ಹೋಗಬೇಕು, ಸೊಸೆಯನ್ನು ಎಬ್ಬಿಸಬೇಕು ಎಂದು ಎಷ್ಟೋ ಅವ್ವಂದಿರು ಸಂಜೆಯಿಂದಲೇ ನೀರು ಬಿಡುತ್ತಾರೆ. 'ನೀರು ಬೇಕೇನವ್ವಾ?' ಎಂದರೆ 'ಒಲ್ಲೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಲ್ಲಿ ಕೇಳಬೇಕಾದದ್ದು ಆ 'ಒಲ್ಲೆ'ಯ ಹಿಂದಿನ ಮಾತನ್ನು. ಹಾಸಿಗೆಯ ಬಳಿ ಮಲಮೂತ್ರದ ಪಾತ್ರೆ, ಮರೆಗೊಂದು ಪರದೆ, ರಾತ್ರಿಗೊಂದು ಸಣ್ಣ ದೀಪ ಇಟ್ಟರೆ ನೀರು ತಾನಾಗಿ ಒಳಗೆ ಹೋಗುತ್ತದೆ. ಕತ್ತಲಲ್ಲಿ ಎದ್ದು ಬಿದ್ದು ತೊಡೆಯೆಲುಬು ಮುರಿಯುವ ಅಪಾಯವೂ ತಗ್ಗುತ್ತದೆ. ನೀರು, ಮಜ್ಜಿಗೆ, ತೆಳು ಅಂಬಲಿಯನ್ನು ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪವೇ ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗವಿದ್ದವರಿಗೆ ಮಾತ್ರ ಅಳತೆಯನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿ ಕೆಲವರ ಜೀವಕ್ಕೇ ಎರವಾಗಿದೆ. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಊರ ಹೆಸರು ಮರೆತು ಬಡಬಡಿಸತೊಡಗಿದರೆ ಅದು ವಯಸ್ಸಲ್ಲ, ರೋಗ. ಮೂತ್ರದ ಸೋಂಕು, ನೀರಿನ ಕೊರತೆ, ಸಕ್ಕರೆಯ ಇಳಿತ, ಹೊಸ ಮಾತ್ರೆ, ಬಿಸಿಲಿನ ಆಘಾತ, ಯಾವುದಾದರೂ ಇರಬಹುದು. ಇವುಗಳಲ್ಲಿ ಹೆಚ್ಚಿನವು ಬೇಗ ಕಂಡುಕೊಂಡರೆ ಗುಣವಾಗುವಂಥವು. ಮೈ ಸುಡುತ್ತಿದ್ದು ಎಚ್ಚರ ತಪ್ಪುತ್ತಿದ್ದರೆ ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಉಣಿಸುವಾಗಲೂ ಅವಸರ ಸಲ್ಲದು. ಕೂಡಿಸಿ, ಗದ್ದ ತುಸು ತಗ್ಗಿಸಿ, ಹಾಲಿನಲ್ಲಿ ನೆನೆದ ರೊಟ್ಟಿಯನ್ನೋ ಜೋಳದ ನುಚ್ಚನ್ನೋ ಸಣ್ಣ ತುತ್ತಾಗಿ ಕೊಟ್ಟು, ನುಂಗಿದರೆಂದು ಖಚಿತವಾದ ಮೇಲೆ ಮುಂದಿನದು. ಉಂಡ ಮೇಲೆ ಅರ್ಧ ಗಂಟೆ ಕುಳಿತಿರಲಿ. ಹಾಗಾದರೆ ಅನ್ನ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ತರುವ ಭಯ ಕಡಿಮೆ. ದಿನಕ್ಕೆರಡು ಸಲ ಬಾಯಿ ಶುಚಿಮಾಡುವುದೂ ಅಷ್ಟೇ ಮುಖ್ಯ.

ಕಡೆಯದಾಗಿ ಆರೈಕೆ ಮಾಡುವವರ ಮಾತು. ಈ ಕೆಲಸ ಹಗಲಿರುಳೂ ಒಬ್ಬಳದೇ ಆದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ರೋಗಿಯ ಮೈಮೇಲೆ ಇಳಿಯುತ್ತದೆ. ಗುಳೆ ಹೋದ ಮಕ್ಕಳು ಹಣ ಕಳಿಸಿದರೆ ತಮ್ಮ ಪಾಲು ಮುಗಿಯಿತೆಂದು ತಿಳಿಯಬಾರದು. ವರ್ಷಕ್ಕೊಮ್ಮೆ ಬಂದಾಗಲಾದರೂ ಒಂದು ವಾರದ ರಾತ್ರಿಗಳನ್ನು ತಾವು ವಹಿಸಿಕೊಳ್ಳಲಿ. ಬಾಗಿಲ ಬಳಿ ನಿಂತು 'ಹೆಂಗಿದ್ದಾರ?' ಎಂದು ಕೇಳಿ ಹೋಗುವ ನೆರೆಯವರು ಒಂದು ಗಂಟೆ ಹೊರಸಿನ ಪಕ್ಕ ಕುಳಿತರೆ, ಆ ಹೊತ್ತಿನಲ್ಲಿ ಮನೆಯ ಹೆಣ್ಣುಮಗಳು ಉಂಡು ಮಲಗಿಯಾಳು.