ಬೆಳಕು ಬಿಡಿಸುವ ಬಂಧ

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಮ್ಮಿನ ಕಡೆಗೆ ಹೊರಟರೆ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ಪುಟ್ಟ ನಿಲ್ದಾಣಗಳು ಒಂದಾದ ಮೇಲೊಂದು ಬರುವುವು. ಅವುಗಳ ಆಚೆ ಕಾಣುವ ಬೂದುಬಣ್ಣದ, ಚಪ್ಪಟೆ ತಲೆಯ ಗುಡ್ಡಗಳು ನಿಸರ್ಗದ ಕೃತಿಯಲ್ಲ. 1880ರ ದಶಕದಿಂದ 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚುವವರೆಗೆ ಆಳದಿಂದ ಎತ್ತಿ, ಹಿಟ್ಟಿನಂತೆ ಅರೆದು, ಚಿನ್ನವನ್ನು ತೆಗೆದುಕೊಂಡು ಸುರಿದ ಕಲ್ಲಿನ ಪುಡಿಯದು. ಮೂರು ಕೋಟಿ ಟನ್ನಿಗೂ ಹೆಚ್ಚು. ಊರಿನವರು ಇವನ್ನು ‘ಸೈನೈಡ್ ಗುಡ್ಡ’ ಎನ್ನುವರು. ಈ ಹೆಸರಿನಲ್ಲಿ ಸೊಗಸಾದ ರಸಾಯನಶಾಸ್ತ್ರ ಅಡಗಿದೆ.

ಚಿನ್ನವು ಸುಲಭವಾಗಿ ಯಾವುದರೊಡನೆಯೂ ಕೂಡದ ಲೋಹ. ಆದರೂ ಸೈನೈಡಿನ ಸಾರಗುಂದಿದ ದ್ರಾವಣದಲ್ಲಿ, ಗಾಳಿಯ ಆಮ್ಲಜನಕದ ನೆರವಿನಿಂದ ಅದು ಕರಗುವುದು. ಇದನ್ನು ಗಣಿಗಳಿಗೆ ಒದಗುವಂತೆ ಮಾಡಿದವರು ಗ್ಲಾಸ್ಗೋ ನಗರದ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು, ವರ್ಷ 1887. ಸೈನೈಡಿನಲ್ಲಿರುವುದು ಒಂದು ಇಂಗಾಲ, ಒಂದು ಸಾರಜನಕ. ಇಂತಹ ಎರಡು ಸೈನೈಡುಗಳು ತಮ್ಮ ಇಂಗಾಲದ ತುದಿಯಿಂದ ಒಂದು ಚಿನ್ನದ ಪರಮಾಣುವನ್ನು ಹಿಡಿದುಕೊಳ್ಳುವುವು. ಅನಂತರ ಸತುವನ್ನು ಸೇರಿಸಿದರೆ ಚಿನ್ನ ಹೊರಬೀಳುವುದು.

ಆದರೆ ಕೋಲಾರದ ಅದಿರಿನಲ್ಲಿ ಚಿನ್ನದ ಜೊತೆಗೆ ಕಬ್ಬಿಣದ ಗಂಧಕ ಖನಿಜಗಳೂ ಉಂಟು. ಕಬ್ಬಿಣಕ್ಕೆ ಸೈನೈಡಿನ ಮೇಲೆ ಬಲವಾದ ಒಲವು. ನಡುವೆ ಒಂದು ಕಬ್ಬಿಣ. ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೂ ಒಂದೊಂದರಂತೆ ಆರು ಸೈನೈಡು. ಕತ್ತಲೆಯಲ್ಲಿ ಈ ಸಂಕೀರ್ಣವು ಬಹಳ ಗಟ್ಟಿ. ಆದುದರಿಂದಲೇ ಬಿಡಿ ಸೈನೈಡಿನಷ್ಟು ವಿಷಕಾರಿಯೂ ಅಲ್ಲ. ಬಿಸಿಲು ತಗುಲಿತೆಂದರೆ ಕಥೆಯೇ ಬೇರೆ. ನೇರಳಾತೀತ ಬೆಳಕಿನ ಒಂದು ಕಣವನ್ನು ನುಂಗಿದ ಕಬ್ಬಿಣದ ಇಲೆಕ್ಟ್ರಾನೊಂದು ಮೇಲಿನ ಮಟ್ಟಕ್ಕೇರುವುದು. ಆ ಮಟ್ಟದಲ್ಲಿ ಅದು ಸುತ್ತಲಿನ ಸೈನೈಡುಗಳನ್ನು ದೂರ ತಳ್ಳುವುದರಿಂದ ಅವುಗಳಲ್ಲೊಂದು ಕಳಚಿಕೊಳ್ಳುವುದು. ತೆರವಾದ ಸ್ಥಾನಕ್ಕೆ ನೀರು ಬಂದು ಕೂಡುವುದು. ಪ್ರಯೋಗಶಾಲೆಯಲ್ಲಿ ಇಂತಹ ದ್ರಾವಣಕ್ಕೆ ಬೆಳಕು ಹಾಯಿಸಿದರೆ ಅದರ ಕ್ಷಾರಗುಣ ಏರುವುದು. ಕತ್ತಲೆಯಲ್ಲಿಟ್ಟರೆ ಸೈನೈಡು ಮರಳಿ ಸೇರಿ ಕ್ಷಾರಗುಣ ಇಳಿಯುವುದು. ಬಯಲಿನಲ್ಲಾದರೋ ಬಿಡುಗಡೆಯಾದ ಸೈನೈಡು ಹಿಂದಿರುಗದೆ ಗಾಳಿಗೆ ಹಾರಬಹುದು, ಸೂಕ್ಷ್ಮಜೀವಿಗಳಿಗೆ ಆಹಾರವೂ ಆಗಬಹುದು.

ಬೆಳಕು ಹೀಗೆ ಲೋಹದ ಮಗ್ಗುಲಲ್ಲಿ ಒಂದು ಸ್ಥಾನವನ್ನು ತೆರವು ಮಾಡುವುದೇ ನಮ್ಮ ಕಾಲದ ಒಂದು ದೊಡ್ಡ ಶೋಧದ ಕೀಲಿಕೈ. ಅಡುಗೆ ಅನಿಲ, ಪೆಟ್ರೋಲು, ಮೇಣ ಇವುಗಳಲ್ಲೆಲ್ಲ ಇಂಗಾಲ-ಜಲಜನಕ ಬಂಧಗಳೇ ತುಂಬಿವೆ. ಅವನ್ನು ಸುಡುವುದು ಸುಲಭ. ಸುಡದೆ, ಒಂದೇ ಬಂಧವನ್ನು ಬಿಡಿಸಿ ಬೇರೊಂದು ಪದಾರ್ಥ ಮಾಡುವುದು ಬಹು ಕಷ್ಟ. ಮೀಥೇನಿನ ಅಂತಹ ಒಂದು ಬಂಧವನ್ನು ಮುರಿಯಲು ಮೋಲೊಂದಕ್ಕೆ ಸುಮಾರು 440 ಕಿಲೋಜೌಲು ಬೇಕು. 1982ರಲ್ಲಿ ಬರ್ಕ್‌ಲಿಯ ಬರ್ಗ್‌ಮನ್ ಮತ್ತು ಕೆನಡಾದ ಗ್ರಹಾಂ, ಬೇರೆ ಬೇರೆಯಾಗಿ, ಇರಿಡಿಯಂ ಲೋಹದ ಸಂಕೀರ್ಣಗಳ ಮೇಲೆ ಬೆಳಕು ಹಾಯಿಸಿದರು. ಒಬ್ಬರ ಸಂಕೀರ್ಣದಿಂದ ಜಲಜನಕ ಕಳಚಿತು. ಇನ್ನೊಬ್ಬರದರಿಂದ ಇಂಗಾಲದ ಮಾನಾಕ್ಸೈಡು. ತೆರವಾದ ಇರಿಡಿಯಂ ಎಷ್ಟು ಹಸಿದಿತ್ತೆಂದರೆ, ಸುತ್ತಲಿನ ಹೈಡ್ರೊಕಾರ್ಬನ್ನಿನ ಇಂಗಾಲ-ಜಲಜನಕಗಳ ನಡುವೆ ನುಗ್ಗಿ ಎರಡನ್ನೂ ತನಗೆ ಕಟ್ಟಿಕೊಂಡಿತು! ಬೆಳಕು ಆ ಬಂಧವನ್ನು ಮುಟ್ಟಿದ್ದೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಲೋಹವನ್ನು ಸಿದ್ಧಗೊಳಿಸಿತು, ಅಷ್ಟೇ. ಚಿನ್ನಕ್ಕಿಂತಲೂ ವಿರಳವಾದ ಲೋಹ, ಒಂದು ಅಣುವಿಗೆ ಒಂದೇ ಕೆಲಸ ಎಂಬ ಕೊರತೆಗಳು ಅಂದು ಇದ್ದುವು. ಆದರೂ ದಾರಿ ತೆರೆಯಿತು.

ಮತ್ತೆ ನಮ್ಮ ಗುಡ್ಡಗಳಿಗೆ ಬರೋಣ. ಬಿಸಿಲು ಪುಡಿಯ ಮೇಲ್ಪದರವನ್ನು ಮಾತ್ರ ಮುಟ್ಟಬಲ್ಲುದು; ಒಳಗೆ ಕತ್ತಲೆ. ಕಬ್ಬಿಣದೊಡನೆ ಕಟ್ಟಿಕೊಂಡ ಸೈನೈಡು ಇಂತಹ ಕತ್ತಲೆಯಲ್ಲಿ ದಶಕಗಳ ಕಾಲ ಉಳಿಯಬಲ್ಲುದು. ಈ ಪುಡಿಯಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಸಲುವಾಗಿ 13 ಗುಡ್ಡಗಳನ್ನು ಅಗೆಯುವ ಯೋಜನೆಗೆ 2024ರಲ್ಲಿ ಕರ್ನಾಟಕದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಅಗೆದರೆ ಒಳಗಿನದು ಬೆಳಕಿಗೆ ಬರುವುದು. ಅಗೆಯುವ ಮೊದಲು ಅಳೆಯಬೇಕು. ಅದೂ ಸರಿಯಾದ ರೀತಿಯಲ್ಲಿ. ಬಿಡಿ ಸೈನೈಡನ್ನು ಮಾತ್ರ ಹುಡುಕುವ ಪರೀಕ್ಷೆಗೆ ಕಬ್ಬಿಣದ ಹಿಡಿತದಲ್ಲಿರುವುದು ಕಾಣದು. ಅದನ್ನೂ ಲೆಕ್ಕಕ್ಕೆ ತರಬೇಕಾದರೆ ಮಾದರಿಯನ್ನು ಪ್ರಬಲವಾದ ಆಮ್ಲದಲ್ಲಿ ಬಟ್ಟಿಯಿಳಿಸಬೇಕು, ಇಲ್ಲವೆ ನೇರಳಾತೀತ ದೀಪದ ಕೆಳಗಿಟ್ಟು, ಬಿಸಿಲು ಮಾಡಬಹುದಾದ ಕೆಲಸವನ್ನು ಮೊದಲೇ ಮಾಡಿಸಿ ನೋಡಬೇಕು.